ತಿಳಿಯಾಗದ ದೊಲೊ

ನೊಪೊಕೊ ಮೂರನೆಯ ಸಲ ಸೋರೆ ಬುರುಡೆಯಲ್ಲಿ ಮೊಗೆದು ನೋಡಿದಳು. ಕೆಂಪು ಜೋಳದ ಮೊಳಕೆಹಿಟ್ಟು ಕಲಸಿದ ನೀರು ಇನ್ನೂ ಬಗ್ಗಡವಾಗಿಯೇ ಇತ್ತು. ಬೆಳಿಗ್ಗೆಯೇ ದಂಟು ಜಜ್ಜಿ ತೆಗೆದ ಲೋಳೆ ಬೆರೆಸಿದ್ದಳು. ಇಷ್ಟು ಹೊತ್ತಿಗೆ ಹಿಟ್ಟು ತಳಕ್ಕಿಳಿದು ಮೇಲೆ ತಿಳಿ ನಿಲ್ಲಬೇಕಿತ್ತು. ತಿಳಿ ಬಸಿದುಕೊಂಡು ತಳದ ಗಷ್ಟು ಕುದಿಸದ ಹೊರತು ದೊಲೊ, ಅಂದರೆ ಜೋಳದ ಹೆಂಡ, ಆಗುವುದಿಲ್ಲ. ಇನ್ನು ಮೂರು ದಿನಕ್ಕೆ, ತಿಂಗಳುಗಳ ಹಿಂದೆ ತೀರಿಕೊಂಡ ಗಂಡ ಕುದುಗುವಿನ ಸಾವಿನ ಕಾರ್ಯ. ಹದಿನೆಂಟು ವರ್ಷ ಸುತ್ತಲಿನ ಹಳ್ಳಿಗಳಿಗೆಲ್ಲ ದೊಲೊ ಕುಡಿಸಿದ ಕೈ ಅವಳದು. ಒಂದು ದಿನವೂ ಹೀಗಾಗಿರಲಿಲ್ಲ.

ನಾದಿನಿ ಲಮೂಸ ಬಂದು ಮಡಕೆಯೊಳಗೆ ಇಣುಕಿದಳು.

"ಏನತ್ತಿಗೆ, ಇದೇನು ದೊಲೋನೋ, ದನ ಇಳಿದ ಕೆರೆನೋ?"

"ಸ್ವಲ್ಪ ತಾಳು, ಲಮೂಸ."

"ನಾನೇನೋ ತಾಳ್ತೀನಿ. ಅಣ್ಣ ತಾಳ್ಬೇಕಲ್ಲ! ನಿನ್ನ ಕೈಯ ದೊಲೊ ಅವನಿಗೆ ಬೇಡ ಅಂತ ಕಾಣುತ್ತೆ. ಮನಸ್ಸಲ್ಲಿ ಏನು ಬಚ್ಚಿಟ್ಕೊಂಡಿದೀಯೋ, ನಿಂಗೇ ಗೊತ್ತು."

ಅಷ್ಟಂದು ಅವಳು ಬಾವಿಗೆ ಹೊರಟುಹೋದಳು. ನೊಪೊಕೊ ಬುರುಡೆ ಕೆಳಗಿಟ್ಟಳು. ಬಚ್ಚಿಟ್ಟದ್ದು ಇತ್ತು. ಹೋದ ಮಳೆಗಾಲದ ಕೊನೆಗೆ ಕುದುಗು ಎರಡು ದಿನ ಬಿಡದೆ ಕೆಮ್ಮಿ, "ಆಸ್ಪತ್ರೆಗೆ ಹೋಗೋಣ ಕಣೇ" ಅಂದಿದ್ದ. ಒಲೆಯ ಮೇಲೆ ದೊಡ್ಡ ಮಡಕೆಗಳು ಕುದಿಯುತ್ತಿದ್ದವು. "ನಾಳಿದ್ದು ಸಂತೆ ಮುಗೀಲಿ" ಅಂದಿದ್ದಳು. ಅವನು ಮತ್ತೆ ಕೇಳಲಿಲ್ಲ. ಕೆಮ್ಮುತ್ತಲೇ ಕೂತು ಅವಳ ಒಲೆಗೆ ಸೌದೆ ಒಟ್ಟಿದ. ಸಂತೆ ಮುಗಿಸಿ ಬರುವಷ್ಟರಲ್ಲಿ ಅವನಿಗೆ ಮಾತು ನಿಂತಿತ್ತು. ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು.

ನೊಪೊಕೊಳ ಅತ್ತೆ, ತೆನೆ ಅನ್ನುವವಳು, ಕೋಲೂರಿಕೊಂಡು ಬಂದಳು. ಮಗ ಸತ್ತ ಮೇಲೆ ಸೊಸೆಯ ಜೊತೆ ಆಡಿದ ಮಾತು ಕಡಿಮೆ. ಕಣ್ಣು ಮಂಜಾಗಿದ್ದ ಮುದುಕಿ ಮಡಕೆಗೆ ಕೈಯಿಳಿಸಿ, ಬೆರಳುಗಳನ್ನು ಒಂದಕ್ಕೊಂದು ಉಜ್ಜಿದಳು.

"ಲೋಳೆಗೆ ಏನು ಹಾಕ್ದೆ?"

"ಬೆಂಡೆ ದಂಟು, ಅತ್ತೆ. ಹೋದ ವರ್ಷದ್ದು."

"ಹುಳ ತಿಂದಿದೆ, ಜಿಗುಟೇ ಇಲ್ಲ. ಹಳ್ಳದ ದಂಡೇಲಿ ಲೋಳೆ ಬಿಡೋ ಮರ ಇದೆಯಲ್ಲ, ಅದರ ಹಸಿ ತೊಗಟೆ ತಾ, ಹೋಗು."

ನೊಪೊಕೊ ಏಳಲಿಲ್ಲ. ಅಲ್ಲೇ ಕೂತು, ತಡೆತಡೆದು, ಎಲ್ಲವನ್ನೂ ಹೇಳಿಬಿಟ್ಟಳು.

"ನನ್ನ ಗುಡಿಸಲು ಪಕ್ಕದಲ್ಲೇ ಇತ್ತಲ್ಲ" ಅಂದಳು ಮುದುಕಿ. "ಅವನ ಕೆಮ್ಮು ನಂಗೂ ಕೇಳ್ತಿತ್ತು. ತಾನಾಗೇ ಇಳಿಯುತ್ತೆ ಅಂದ್ಕೊಂಡು ಮಗ್ಗಲು ಬದಲಿಸ್ದೆ. ನಿನ್ನ ಕ್ಷಮಿಸೋಕೆ ನಂಗೆ ಬರಲ್ಲ ನೊಪೊಕೊ. ನನ್ನನ್ನೂ ಅಷ್ಟೇ. ಲಮೂಸಂಗೆ ಹೇಳ್ಬೇಡ. ಏಳು, ಹೊತ್ತು ಇಳೀತಿದೆ."

ನೊಪೊಕೊ ತಂದ ತೊಗಟೆಯನ್ನು ಇಬ್ಬರೂ ಕೂತು ಜಜ್ಜಿ ನೆನೆಸಿದರು. ಲೋಳೆ ಎಳೆಎಳೆಯಾಗಿ ಬಂತು. ಬೆರೆಸಿದ ಸ್ವಲ್ಪ ಹೊತ್ತಿಗೆಲ್ಲ ಹಿಟ್ಟು ಇಳಿಯತೊಡಗಿ, ಕತ್ತಲಾಗುವ ಮುಂಚೆ ಮೇಲೆ ತಿಳಿ ನಿಂತಿತು.

ಕಾರ್ಯದ ದಿನ, ಕಾಯಿಸಿದವಳೇ ಮೊದಲು ಕುಡಿಯಬೇಕೆಂಬ ಪದ್ಧತಿಯಂತೆ, ನೊಪೊಕೊ ಎಲ್ಲರೆದುರು ಬುರುಡೆ ಎತ್ತಿ ಕುಡಿದಳು. ರುಚಿ ತಿಳಿಯಲಿಲ್ಲ. ಲಮೂಸ ತನ್ನ ಪಾಲನ್ನು ಬಿಸಿಲಿಗೆ ಓರೆಮಾಡಿ ನೋಡಿ, ಕುಡಿದು, "ಚೆನ್ನಾಗಿ ಬಂದಿದೆ ಅತ್ತಿಗೆ, ಅಣ್ಣ ಒಪ್ಪಿದ" ಅಂದಳು.

ನೊಪೊಕೊ ತಲೆಯಾಡಿಸಿದಳು. ಅತ್ತೆ ತೆನೆ ಮಾತ್ರ ಕುಡಿಯಲಿಲ್ಲ. ತುಂಬಿದ ಬುರುಡೆಯನ್ನು ನೆಲದ ಮೇಲಿಟ್ಟು, ಜನವೆಲ್ಲ ಕರಗುವವರೆಗೆ ಸೊಸೆಯ ಪಕ್ಕದಲ್ಲೇ ಕೂತಿದ್ದಳು.