ಕರಡಿ ರೇವಣ್ಣ

ಗಿರಿಜಾಂಬಾ ದಾರಿಯ ನಡುವೆಯೇ ಬೋರಲಾಗಿ ಮಲಗಿಬಿಟ್ಟಿದ್ದಳು. ಸುಣ್ಣದ ಬಕೆಟ್ಟನ್ನು ಉರುಳದ ಹಾಗೆ ಪಕ್ಕಕ್ಕಿಟ್ಟು, ಎರಡೂ ಕೈಗಳನ್ನು ಮೈಗೆ ಅಂಟಿಸಿಕೊಂಡು, ಉಸಿರು ಬಿಗಿಹಿಡಿದು, ಗಂಡ ಇಪ್ಪತ್ತೆರಡು ವರ್ಷಗಳಿಂದ ವರ್ಣಿಸುತ್ತ ಬಂದ ಹಾಗೆಯೇ ಹೆಣದಂತೆ ಬಿದ್ದಿದ್ದಳು. ಅವಳಿಂದ ಹತ್ತು ಮಾರು ಮುಂದೆ, ದಾರಿ ತಿರುಗುವಲ್ಲಿ, ಹುತ್ತ ಬಗೆಯುತ್ತಿದ್ದ ಕರಡಿ ತಲೆಯೆತ್ತಿ ಇತ್ತಲೇ ನೋಡುತ್ತಿತ್ತು. ಅದರ ಮೂತಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು.

"ಗಿರಿಜಾ, ಏಳು," ಎಂದ ರೇವಣ್ಣ, ತುಟಿ ಅಲುಗಿಸದೆ.

"ನೀವೂ ಮಲಗಿ," ಎಂದು ನೆಲದಿಂದ ಪಿಸುಮಾತು ಬಂತು.

ಕಳಸದ ಸುತ್ತಮುತ್ತ ಬೆಟ್ಟ ಹತ್ತಲು ಬರುವವರನ್ನು ಕರೆದೊಯ್ಯುವ ಗೈಡುಗಳು ಬೇಕಾದಷ್ಟು ಜನ ಇದ್ದಾರೆ. ಕರಡಿ ರೇವಣ್ಣ ಮಾತ್ರ ಒಬ್ಬನೇ. ಎಡಗೆನ್ನೆಯ ಮೇಲೆ ಕಿವಿಯಿಂದ ಬಾಯಂಚಿನವರೆಗೆ ಇಳಿದ ಆ ಗಾಯದ ಗೆರೆಯನ್ನು ನೋಡಿದವರು ಕೇಳದೆ ಬಿಡುತ್ತಿರಲಿಲ್ಲ; ಕೇಳಿದವರಿಗೆ ಅವನು ಹೇಳದೆ ಬಿಡುತ್ತಿರಲಿಲ್ಲ. ಇಬ್ಬರು ಗೆಳೆಯರು ಕಾಡಿಗೆ ಸೀಗೆಕಾಯಿ ಆರಿಸಲು ಹೋಗಿದ್ದು, ಪೊದೆಯಿಂದ ಕರಡಿ ಎದ್ದಿದ್ದು, ಗೆಳೆಯ ರಂಗನಾಥ ಹೆದರಿ ಓಡಿದ್ದು, ಓಡಿದವನನ್ನೇ ಅದು ಅಟ್ಟಿಸಿಕೊಂಡು ಹೋಗಿ ಕಣ್ಣು ಕಿತ್ತಿದ್ದು. "ನಾನು ಎಲ್ಲಿದ್ನೋ ಅಲ್ಲೇ ಮಲಗ್ದೆ ಸ್ವಾಮೀ. ವಾಪಸ್ ಬಂದು ಮೂಸ್ತು. ಬದುಕಿದೀನೋ ಸತ್ತಿದೀನೋ ನೋಡೋಕೆ ಒಂದ್ಸಲ ಹೀಗೆ ಕೆನ್ನೆ ಮೇಲೆ ಎಳೀತು. ಉಸಿರು ಬಿಟ್ಟಿದ್ರೆ ಕೇಳಿ!" ವರ್ಷ ಹೋದಂತೆ ಕಥೆಗೆ ಉಪ್ಪುಖಾರ ಸೇರುತ್ತ ಹೋಗಿ, ಈಚೆಗೆ ಕರಡಿಯ ಉಸಿರಿನ ವಾಸನೆಯೂ ಅದರಲ್ಲಿ ಬಂದಿತ್ತು.

ಆ ಕಥೆಯಿಂದಲೇ ಅವನಿಗೆ ಗಿರಿಜಾಂಬಾ ಸಿಕ್ಕಿದ್ದು. ಮೂರು ಎಕರೆ ಕಾಫಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲದ ಹುಡುಗನಿಗೆ, ಕಳಸದ ಪೇಟೆಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದ ಶಾಂತವೀರಪ್ಪ ಮಗಳನ್ನು ಕೊಡಲು ಒಪ್ಪಿದಾಗ ನೆಂಟರೆಲ್ಲ ಹುಬ್ಬೇರಿಸಿದ್ದರು. "ಕರಡಿ ಎದುರಿಗೇ ಅಲುಗಾಡದ ಗಂಡಸು. ಸಂಸಾರ ಬಿಟ್ಟು ಓಡೋನಲ್ಲ," ಎಂದಿದ್ದರಂತೆ ಶಾಂತವೀರಪ್ಪ. ಆ ಮಾತನ್ನು ಗಿರಿಜಾಂಬಾ ಆಗಾಗ ನೆನೆಸಿಕೊಂಡು ಹೇಳುವುದಿತ್ತು. ಹೇಳುವಾಗಲೆಲ್ಲ ರೇವಣ್ಣ ಕಾಫಿ ಲೋಟದೊಳಗೆ ನೋಡುತ್ತ ಕೂರುತ್ತಿದ್ದ.

ಮಳೆಗಾಲ ಮುಗಿದು ಚಾರಣ ಶುರುವಾಗುವ ಮೊದಲು ಗೈಡುಗಳೇ ಹೋಗಿ, ಹುಲ್ಲು ಮುಚ್ಚಿದ ದಾರಿ ಸವರಿ, ಬಂಡೆಗಳ ಮೇಲೆ ಸುಣ್ಣದಲ್ಲಿ ಬಾಣದ ಗುರುತು ಬರೆದು ಬರಬೇಕು. ಬೋಳುಕಲ್ಲು ಗುಡ್ಡದ ದಾರಿ ರೇವಣ್ಣನ ಪಾಲಿನದು. ಜೊತೆಗೆ ಬರುತ್ತಿದ್ದ ಧರ್ಮೇಶನಿಗೆ ಜ್ವರ. "ನಾನೇ ಬರ್ತೀನಿ, ಬಕೆಟ್ ಹಿಡಿಯೋಕೆ ಎಂತ ಟ್ರೇನಿಂಗ್ ಬೇಕಾ?" ಎಂದು ಗಿರಿಜಾಂಬಾ ಹೊರಟಿದ್ದಳು. ಗುಡ್ಡ ಹತ್ತುತ್ತ ಅವಳು ತವರಿನ ಸುದ್ದಿ, ಪಕ್ಕದ ಮನೆಯ ದೀಪಶ್ರೀಯ ನಿಶ್ಚಿತಾರ್ಥ, ಕಳೆದ ವಾರದ ಕಡುಬು ಗಟ್ಟಿಯಾಗಿದ್ದು ಏಕೆ ಎಂಬುದನ್ನೆಲ್ಲ ಒಂದೇ ಸಮನೆ ಹೇಳುತ್ತ ಬಂದಳು. ಬರೆದ ಬಾಣವೊಂದು ಸೊಟ್ಟಗಾಯಿತು ಎಂದು ನಕ್ಕಾಗ ರೇವಣ್ಣನಿಗೆ ಎಲ್ಲಿತ್ತೋ ಸಿಟ್ಟು. "ಬಾಯಿ ಮುಚ್ಕೊಂಡು ನಡೀತೀಯಾ ಸ್ವಲ್ಪ!" ಎಂದುಬಿಟ್ಟ. ಅವಳು ಮುಚ್ಚಿಕೊಂಡಳು. ಅವನೂ ಬಿಗುಮಾನದಿಂದ ಮಾತು ಬಿಟ್ಟ, ದೊಣ್ಣೆಯನ್ನು ಹೆಗಲಿಗೇರಿಸಿಕೊಂಡ. ಕಾಡಿನಲ್ಲಿ ಸದ್ದು ಮಾಡುತ್ತ, ಕಲ್ಲಿಗೆ ದೊಣ್ಣೆ ಕುಟ್ಟುತ್ತ ನಡೆಯಬೇಕೆಂದು ಊರಿಗೆಲ್ಲ ಹೇಳುವವನೇ ಅರ್ಧ ಗಂಟೆ ಬೆಕ್ಕಿನ ಹಾಗೆ ನಡೆದ. ಗಾಳಿ ಬೇರೆ ಎದುರಿನಿಂದ ಬೀಸುತ್ತಿತ್ತು. ಕರಡಿಗೆ ಇವರ ವಾಸನೆಯೂ ಇಲ್ಲ, ಸದ್ದೂ ಇಲ್ಲ.

ಈಗ ಹಿಂದಕ್ಕೆ ಸರಿಯೋಣವೆಂದು ರೇವಣ್ಣ ಒಂದು ಹೆಜ್ಜೆ ಇಟ್ಟ. ಬೆನ್ನ ಹಿಂದಿನಿಂದ ಕುಂಯ್‌ಗುಟ್ಟಿದ ಸದ್ದು ಬಂತು. ಮೆಲ್ಲಗೆ ಕತ್ತು ತಿರುಗಿಸಿದ. ಅವರು ಈಗಷ್ಟೇ ದಾಟಿ ಬಂದಿದ್ದ ದಾರಿಯ ಮೇಲೆ ಒಂದು ಮರಿ, ನಾಯಿಯಷ್ಟು ದೊಡ್ಡದು, ಹುಲ್ಲಿನಿಂದ ಹೊರಬಂದು ಅಮ್ಮನಿಗಾಗಿ ಮೂತಿ ಎತ್ತಿ ಅರಚುತ್ತಿತ್ತು.

ಮುಂದೆ ತಾಯಿ, ಹಿಂದೆ ಮರಿ, ನಡುವೆ ಅವರಿಬ್ಬರು. ಎಡಕ್ಕೆ ಎರಡಾಳೆತ್ತರದ ಬಂಡೆ ಗೋಡೆಯಂತೆ ನಿಂತಿತ್ತು. ಬಲಕ್ಕೆ ಹುಲ್ಲಿನ ಜಾರು. ಅಲ್ಲಿ ಕೂತು ಜಾರಿದರೆ ಕೆಳಗಿನ ಕಣಿವೆಯ ಶೋಲಾ ಕಾಡಿನವರೆಗೂ ತಡೆಯಿಲ್ಲ. ಒಬ್ಬನಾದರೆ ಕಣ್ಣು ಮಿಟುಕಿಸುವುದರಲ್ಲಿ ಪಾರಾಗಬಹುದು. ಅವನ ಬಲಗಾಲು ಅವನನ್ನು ಕೇಳದೆ ಆ ಅಂಚಿನ ಕಡೆಗೆ ಗೇಣುದ್ದ ಸರಿದೂಬಿಟ್ಟಿತು. ಇಪ್ಪತ್ತನಾಲ್ಕು ವರ್ಷದ ಹಿಂದೆಯೂ ಇದೇ ಕಾಲು ಮೊದಲು ಹೊರಟಿದ್ದು.

ಎರಡು ವರ್ಷದ ಹಿಂದೆ ಗೈಡುಗಳಿಗೆಲ್ಲ ಒಂದು ದಿನದ ತರಬೇತಿ ನಡೆದಿತ್ತು. ಓಡಬೇಡಿ, ಮರ ಹತ್ತಬೇಡಿ, ತಾಯಿ ಮರಿಗಳ ನಡುವೆ ನಿಲ್ಲಬೇಡಿ, ದಾರಿ ಬಿಟ್ಟುಕೊಡಿ, ಮೆಲುದನಿಯಲ್ಲಿ ಮಾತಾಡುತ್ತ ಇರಿ, ನೀವು ಮನುಷ್ಯರು ಅಂತ ಅದಕ್ಕೆ ಗೊತ್ತಾಗಲಿ. ಮೈಮೇಲೆ ಬಿದ್ದರೆ ಮಾತ್ರ ಬೋರಲಾಗಿ ಮಲಗಿ ಕತ್ತು ಮುಚ್ಚಿಕೊಳ್ಳಿ. "ದೂರ ಇರುವಾಗಲೇ ಮಲಗಿದರೆ ಅದು ಹತ್ತಿರ ಬಂದು ನೋಡುತ್ತೆ," ಎಂದಿದ್ದರು ತರಬೇತಿಗೆ ಬಂದ ಅರಣ್ಯ ಇಲಾಖೆಯ ಆಫೀಸರು. ಹಿಂದಿನ ಬೆಂಚಿನಲ್ಲಿದ್ದ ರೇವಣ್ಣನ ಕಡೆಗೆ ಎಲ್ಲರೂ ತಿರುಗಿ ನೋಡಿದ್ದರು. ಅವನು ಎಲ್ಲ ಬಲ್ಲವನಂತೆ ಮೀಸೆ ತಿರುವಿದ್ದ.

ಕರಡಿ ಹುತ್ತ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂತು. ಹೂಂಕರಿಸಿ ನಿಂತಿತು.

ಬಂಡೆಯಲ್ಲಿ, ಗಿರಿಜಾಂಬಾಳ ತಲೆಯಿಂದ ಎರಡು ಮಾರು ಈಚೆಗೆ, ಒಂದು ಸಂದಿ ಇತ್ತು. ಇಬ್ಬರು ಒತ್ತಿ ನಿಂತರೆ ಹಿಡಿಸುವಷ್ಟು. ಅಲ್ಲಿ ಸೇರಿಕೊಂಡರೆ ದಾರಿ ಖಾಲಿಯಾಗುತ್ತದೆ; ತಾಯಿ ಮರಿ ಒಂದಾಗಬಹುದು.

"ಗಿರಿಜಾ, ನಿಧಾನಕ್ಕೆ ಎದ್ದು ಆ ಸಂದಿಗೆ ಬಾ. ಮಲಗ್ಬಾರ್ದು."

"ಓಡಿದ್ರೆ ಹಿಡಿಯುತ್ತೆ. ನೀವೇ ಹೇಳಿದ್ದಲ್ವಾ."

"ಓಡೋದಲ್ಲ ಮಾರಾಯ್ತಿ, ಎದ್ದು ಬಾ."

"ನೀವು ಮಲಗಿದ್ದಕ್ಕೆ ತಾನೆ ಬದುಕಿದ್ದು? ನಾನು ಏಳೋದಿಲ್ಲ. ಮಾತಾಡ್ಸಬೇಡಿ, ಉಸಿರು ಹೋಗುತ್ತೆ."

ಅವಳ ನಂಬಿಕೆ ಸುತರಾಂ ಅಲುಗುವಂತಿರಲಿಲ್ಲ. ಎಷ್ಟು ಚೆನ್ನಾಗಿ ಹೇಳಿದ್ದನಲ್ಲ ಅವನು! ರೇವಣ್ಣನಿಗೆ ಅಳು ಬಂತು. ಈ ಹೆಂಗಸು ಅವನ ಸುಳ್ಳಿನ ಮೇಲೆ ಮೈಚಾಚಿ ಮಲಗಿದ್ದಾಳೆ, ಕರಡಿ ಬಂದು ಮೂಸಿ ಹೋಗುತ್ತದೆಂದು ಕಾಯುತ್ತಿದ್ದಾಳೆ. ಕರಡಿ ಮತ್ತೆ ಎರಡು ಹೆಜ್ಜೆ ಇಟ್ಟಿತು.

"ನಾನು ಮಲಗಿರ್ಲಿಲ್ಲ," ಎಂದ.

ಅವಳು ಮುಖವನ್ನು ಹುಲ್ಲಿಗೆ ಇನ್ನಷ್ಟು ಒತ್ತಿಕೊಂಡಳು.

"ಸುಳ್ಳು ಗಿರಿಜಾ. ಮಲಗಿದ್ದು ಸುಳ್ಳು. ಅದು ಮೂಸಿದ್ದೂ ಸುಳ್ಳು. ಓಡಿದ್ದು ನಾನು."

ಗಿರಿಜಾಂಬಾ ಕತ್ತು ಹೊರಳಿಸಿ ಅವನನ್ನು ನೋಡಿದಳು. ಕೆನ್ನೆಗೆ ಒಂದು ಒಣ ಹುಲ್ಲೆಸಳು ಅಂಟಿಕೊಂಡಿತ್ತು. ಕರಡಿಯನ್ನು ನೋಡಿದಾಗಲೂ ಅವಳ ಮುಖ ಹಾಗೆ ಆಗಿರಲಿಲ್ಲ. ಆಮೇಲೆ ಮೆಲ್ಲಗೆ ಮೊಣಕಾಲೂರಿ, ಎದ್ದು, ಬಂಡೆಗೆ ಬೆನ್ನು ಉಜ್ಜಿಕೊಂಡೇ ಸರಿದು ಸಂದಿಗೆ ಬಂದಳು. ರೇವಣ್ಣ ಅವಳ ಮುಂದೆ ನಿಂತ. ಬಲಗಾಲನ್ನು ಕಲ್ಲಿನ ಬುಡಕ್ಕೆ ಒತ್ತಿ ಹಿಡಿದುಕೊಂಡ.

"ಮಾತಾಡ್ತಾ ಇರ್ಬೇಕು," ಎಂದ. "ಮೆಲ್ಲಗೆ. ನಾವಿದೀವಿ ಅಂತ ಗೊತ್ತಾಗ್ಲಿ ಅದಕ್ಕೆ."

"ಮಾತಾಡಿ ಹಂಗಾದ್ರೆ," ಎಂದಳು ಗಿರಿಜಾಂಬಾ ಬೆನ್ನ ಹಿಂದಿನಿಂದ. "ಪೂರ್ತಿ ಹೇಳಿ."

ಅವಳು ಹಾಗೆ ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ಆದರೆ ಸುಮ್ಮನಿರಲು ಅಲ್ಲಿ ಜಾಗವೇ ಇರಲಿಲ್ಲ. ಕರಡಿ ಇನ್ನಷ್ಟು ಹತ್ತಿರ ಬಂದು ಎಂಟು ಹೆಜ್ಜೆಯ ದೂರದಲ್ಲಿ ಹಿಂಗಾಲ ಮೇಲೆ ಎದ್ದು ನಿಂತಿತ್ತು. ಎದೆಯ ಮೇಲಿನ ಬಿಳಿ ಪಟ್ಟೆ ಕಾಣುತ್ತಿತ್ತು. ರೇವಣ್ಣ ಅದರ ಕಡೆಗೆ ಮುಖ ಮಾಡಿಕೊಂಡೇ, ತೊಟ್ಟಿಲ ಮಗುವಿಗೆ ಹೇಳುವಷ್ಟು ಮೆತ್ತಗಿನ ದನಿಯಲ್ಲಿ ಹೇಳತೊಡಗಿದ.

"ಸೀಗೆಕಾಯಿಗೆ ಹೋಗಿದ್ದು ನಿಜ. ರಂಗನಾಥ ಮೊದ್ಲು ನೋಡ್ದ. 'ಓಡ್ಬೇಡ ರೇವಣ್ಣ, ಜೊತೆಗೇ ನಿಲ್ಲು' ಅಂದ. ನನ್ನ ರಟ್ಟೆ ಹಿಡ್ಕೊಂಡಿದ್ದ. ಕಿತ್ಕೊಂಡು ಓಡ್ದೆ. ಕೊಸರಿದ ರಭಸಕ್ಕೆ ಅವ್ನು ಬಿದ್ದ. ಬಿದ್ದದ್ದು ಗೊತ್ತಾಯ್ತು ನಂಗೆ. ಗೊತ್ತಾದ್ರೂ ನಿಲ್ಲಲಿಲ್ಲ. ಎಸ್ಟೇಟ್ ಬೇಲಿ ಹಾರೋವಾಗ ಮುಳ್ಳುತಂತಿ ಕೆನ್ನೆಗೆ ಸಿಕ್ಕು ಸಿಗಿದು ಹೋಯ್ತು. ರಕ್ತ ನೋಡಿ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಕೇಳಿದ್ರು, 'ಕರಡಿಯೇನೋ?' ಅಂತ. ಹೂಂ ಅಂದೆ."

"ಅಷ್ಟೇನಾ?"

"ಮತ್ತೆ ಅವ್ರೇ ಕೇಳಿದ್ರು, 'ರಂಗನಾಥ ಓಡಿದ್ನಾ?' ಅಂತ. ಅದಕ್ಕೂ ಹೂಂ ಅಂದೆ."

ಮರಿ ಅರಚುತ್ತ ಓಡಿ ಬಂತು. ಸಂದಿಯ ಎದುರಿಗೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ದಾಟಿತು. ತಾಯಿ ದಡಬಡನೆ ನುಗ್ಗಿ ಬಂದು ಮರಿಯನ್ನು ಮೂತಿಯಿಂದ ತನ್ನ ಹಿಂದಕ್ಕೆ ತಳ್ಳಿತು. ಇತ್ತ ತಿರುಗಿ ಹಲ್ಲು ಕಿಸಿದು ಬುಸುಗುಟ್ಟಿತು. ಒದ್ದೆ ನಾಯಿಯ ಮೈಯಂಥ ವಾಸನೆ ಬಂತು. ಗಿರಿಜಾಂಬಾಳ ಉಗುರು ಅವನ ಬೆನ್ನಿಗೆ ನಾಟಿತು.

"ನಿಲ್ಲಿಸ್ಬೇಡಿ," ಎಂದಳು. "ಆಸ್ಪತ್ರೇಲಿ ನೋಡೋಕಾದ್ರೂ ಹೋಗಿದ್ರಾ?"

"ಹೋಗಿದ್ದೆ. ಅಷ್ಟ್ರಲ್ಲಿ ಊರೆಲ್ಲ ಆಗಿತ್ತು ಈ ಕಥೆ. ಅವ್ನ ಮುಖಕ್ಕೆಲ್ಲ ಬಟ್ಟೆ ಸುತ್ತಿದ್ರು. ಒಂದೇ ಕಣ್ಣಲ್ಲಿ ನೋಡ್ದ. ಅವ್ನು ಎಲ್ರೆದುರಿಗೆ ಹೇಳ್ತಾನೆ ಅಂತ ಕಾದೆ. ಹೇಳ್ಲಿಲ್ಲ. ಹೇಳಿದ್ರೆ ಚೆನ್ನಾಗಿತ್ತು ಗಿರಿಜಾ. ನಾನು ಸಿಕ್ಕಿಹಾಕ್ಕೊಂಡೆ. ಆಮೇಲೆ ನಿಮ್ಮಪ್ಪ ಬಂದು ಹೆಣ್ಣು ಕೊಡ್ತೀನಿ ಅಂದ್ರು."

ಕರಡಿ ಎಷ್ಟು ಹೊತ್ತು ಹಾಗೆ ನಿಂತಿತ್ತೋ ಅವನಿಗೆ ಗೊತ್ತಾಗಲಿಲ್ಲ. ಹೇಳುವುದೆಲ್ಲ ಮುಗಿದ ಮೇಲೂ ಅವನು ಹೇಳುತ್ತಲೇ ಇದ್ದ: ಬಿಳಿ ಬಟ್ಟೆಯ ಮೇಲಿನ ಕಲೆ, ರಂಗನಾಥನ ತಾಯಿ ಕೊಟ್ಟ ಕಾಫಿ, ಅವರು ಊರು ಬಿಟ್ಟ ದಿನ ತಾನು ತೋಟದಲ್ಲಿ ಅಡಗಿ ಕೂತದ್ದು. ಕೊನೆಗೆ ಆ ಪ್ರಾಣಿಗೇ ಕೇಳಿ ಬೇಸರ ಬಂತೇನೋ. ಮರಿಯನ್ನು ಮುಂದೆ ಬಿಟ್ಟುಕೊಂಡು ತಿರುವಿನಾಚೆಗೆ ಹೋಯಿತು. ಹುಲ್ಲು ಅಲುಗುವುದು ಬಹಳ ದೂರದವರೆಗೆ ಕಾಣಿಸಿತು.

ಗಿರಿಜಾಂಬಾ ಸಂದಿಯಿಂದ ಹೊರಬಂದು ಸೀರೆಯ ಮಣ್ಣು ಕೊಡವಿಕೊಂಡಳು. ಮಣ್ಣು ಸರಿಯಾಗಿ ಹೋಗಲಿಲ್ಲ.

"ಅವ್ರು ಈಗ ಎಲ್ಲಿದ್ದಾರೆ?"

"ಹೊರನಾಡಲ್ಲಿ. ದೇವಸ್ಥಾನದ ದಾರೀಲಿ ಹಣ್ಣುಕಾಯಿ ಅಂಗಡಿ ಇಟ್ಟಿದಾನಂತೆ."

ಗುಡ್ಡ ಇಳಿಯುವಾಗ ದಾರಿಯುದ್ದಕ್ಕೂ ಅವನ ದೊಣ್ಣೆಯನ್ನು ತಾನೇ ಹಿಡಿದು ಕಲ್ಲುಗಳಿಗೆ ಕುಟ್ಟುತ್ತ ಮುಂದೆ ನಡೆದಳು. ರಸ್ತೆಗೆ ಬಂದ ಮೇಲೆ ಮನೆಯ ಕಡೆ ತಿರುಗದೆ ಹೊರನಾಡಿಗೆ ಹೋಗುವ ಜೀಪಿಗೆ ಕೈ ಅಡ್ಡ ಹಿಡಿದಳು.

"ಇವತ್ತೇ ಎಂತಕ್ಕೆ, ಸೀರೆಯೆಲ್ಲ ಮಣ್ಣು..." ಎಂದ ರೇವಣ್ಣ.

"ಹತ್ತಿ," ಎಂದಳು.

ಜೀಪಿನಲ್ಲಿ ಆಗಲೇ ಹನ್ನೊಂದು ಜನ ಇದ್ದರು. ಯಾರದೋ ಮೊಣಕೈ ಅವನ ಪಕ್ಕೆಗೆ, ಇನ್ಯಾರದೋ ಚೀಲ ಅವನ ಮಡಿಲಿಗೆ. ಪರಿಚಯದವರೊಬ್ಬರು, "ಏನು ಕರಡಿ ರೇವಣ್ಣ, ಜೋಡಿಯಾಗಿ ದೇವಸ್ಥಾನಕ್ಕಾ?" ಎಂದು ನಕ್ಕರು. ಸಂದಿಯಲ್ಲಿ ನಿಂತಾಗ ಬರದ ಬೆವರು ಈಗ ಅವನ ಕುತ್ತಿಗೆಯಿಂದ ಇಳಿಯಿತು. ಇಳಿದುಬಿಡೋಣವೆಂದು ಎರಡು ಸಲ ಬಾಯಿ ತೆರೆದ. ಬಾಗಿಲ ಕಡೆಗೆ ಗಿರಿಜಾಂಬಾ ಕೂತಿದ್ದಳು.

ಹಣ್ಣುಕಾಯಿ ಅಂಗಡಿಯಲ್ಲಿದ್ದ ರಂಗನಾಥ ದಪ್ಪಗಾಗಿದ್ದ. ಹಣೆಯಿಂದ ದವಡೆಯವರೆಗೆ ಮುಖದ ಒಂದು ಭಾಗ ಒಳಗೆ ಹೊಲಿದಂತೆ ಎಳೆದುಕೊಂಡಿತ್ತು. ಬಯಲುಸೀಮೆಯ ಕಡೆಯ ವಯಸ್ಸಾದ ದಂಪತಿಗೆ ತಟ್ಟೆಯಲ್ಲಿ ಬಾಳೆಹಣ್ಣು, ಹೂವು ಜೋಡಿಸಿಕೊಡುತ್ತಿದ್ದ. ತಲೆಯೆತ್ತಿ, ಕಾಣುವ ಕಣ್ಣನ್ನು ಕಿರಿದು ಮಾಡಿ ನೋಡಿದ.

"ಯಾರಿದು, ರೇವಣ್ಣನಾ? ಅಯ್ಯೋ ಮಾರಾಯ! ಬಾ, ಬಾ. ಇವ್ರು ಮನೆಯವ್ರಾ? ಕೂತ್ಕೊಳ್ಳಿ ಅಕ್ಕಾ, ಆ ಸ್ಟೂಲ್ ಎಳ್ಕೊಳ್ಳಿ."

ಮುದುಕಿ ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು. "ನಿಮ್ಗೂ ಅವ್ರಿಗೂ ಇಬ್ರಿಗೂ ಏನಾಯ್ತಪ್ಪಾ ಮುಖಕ್ಕೆ?"

"ಕರಡಿ ಅಮ್ಮಾ," ಎಂದ ರಂಗನಾಥ, ಊದುಬತ್ತಿ ತಟ್ಟೆಗಿಡುತ್ತ. ಎಷ್ಟೋ ಸಲ ಹೇಳಿ ರೂಢಿಯಾದ ದನಿ. "ಒಂದೇ ದಿನ, ಒಂದೇ ಕರಡಿ. ಇವ್ನು ಗಟ್ಟಿ ಆಸಾಮಿ, ಅಲ್ಲಾಡ್ದೆ ಮಲಗ್ದ, ಬರೀ ಕೆನ್ನೆಗಾಯ್ತು. ನಾನು ಹೆದರಿ ಓಡ್ದೆ ನೋಡಿ."

ಅವನ ಮಾತಿನಲ್ಲಿ ಕೊಂಕು ಇದೆಯೇನೋ ಎಂದು ರೇವಣ್ಣ ಹುಡುಕಿದ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಗಿರಿಜಾಂಬಾ ಸ್ಟೂಲಿನ ಮೇಲೆ ಕೂರದೆ ನಿಂತೇ ಇದ್ದಳು. ಅವಳು ಗಂಡನನ್ನು ನೋಡುತ್ತಿರಲಿಲ್ಲ. ರಸ್ತೆಯಲ್ಲಿ ಹೋಗುವ ಜನರನ್ನು ನೋಡುತ್ತಿದ್ದಳು.

"ಅಲ್ಲಮ್ಮಾ," ಎಂದ ರೇವಣ್ಣ. "ಅವ್ನು ಓಡ್ಲಿಲ್ಲ. ನಿಂತಿದ್ದ. ಅವ್ನನ್ನ ಕೆಡವಿ ಓಡಿದ್ದು ನಾನು."

ಮುದುಕಿ ತನ್ನ ಗಂಡನ ಮುಖ ನೋಡಿದಳು. ತೆಂಗಿನಕಾಯಿ ಎತ್ತಲು ಹೋದ ರಂಗನಾಥನ ಕೈ ಅದರ ಮೇಲೆ ಹಾಗೇ ನಿಂತಿತ್ತು.

"ಬೇಲಿ ತನಕ ಕಾಣ್ತಾ ಇದ್ದೆ ನೀನು," ಎಂದ, ತೆಂಗಿನಕಾಯಿಗಷ್ಟೇ ಕೇಳುವ ಹಾಗೆ. "ಒಂದ್ಸಲ ತಿರುಗಿ ನೋಡ್ತೀಯ ಅಂದ್ಕೊಂಡಿದ್ದೆ."

ಆಮೇಲೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡಿದ. ಪಕ್ಕಕ್ಕಿಟ್ಟ. ಇನ್ನೊಂದನ್ನು ಎತ್ತಿಕೊಂಡು ತಟ್ಟಿದ, ಅದನ್ನೂ ಇಟ್ಟ. ಬುಟ್ಟಿಯಲ್ಲಿದ್ದ ಕಾಯಿಗಳನ್ನೆಲ್ಲ ಒಂದೊಂದಾಗಿ ಎತ್ತಿ ತಟ್ಟುತ್ತಲೇ ಹೋದ. ದಂಪತಿ ಖಾಲಿ ತಟ್ಟೆ ಹಿಡಿದುಕೊಂಡು ಕಾಯುತ್ತ ನಿಂತಿದ್ದರು.