ಶಿವನಪ್ಪನ ಜೀಪಿನ ಗಾಲಿ ಸದ್ದು

ಸವಡಿಯಿಂದ ರೋಣದ ಹೈಸ್ಕೂಲಿಗೆ ಹೋಗುವ ಹುಡುಗಿಯರಿಗೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಅದಕ್ಕೇ ಅವರು ಶಿವನಪ್ಪನ ಜೀಪು ಹತ್ತುತ್ತಾರೆ. ಒಳಗೆ ಹುಡುಗಿಯರು, ಕಾಲ ಬಳಿ ಹತ್ತಿ ಚೀಲ, ಮೇಲೆ ಯಾರದೋ ಸೈಕಲ್ಲು. ಊರಲ್ಲಿ ಯಾರಿಗೂ ಇದು ಹೊಸದಲ್ಲ.

ದಸರೆ ಮುಗಿದ ಮೇಲೆ ಆ ಜೀಪು ಸದ್ದು ಮಾಡತೊಡಗಿತು. ಹಿಂದಿನ ಎಡಗಾಲಿಯ ಮೇಲಿನ ಸೀಟಿನಲ್ಲಿ ಕೂರುತ್ತಿದ್ದ ರೇಷ್ಮಾ ಅದನ್ನು ಮೊದಲು ಕೇಳಿದಳು. ಮೆಲ್ಲಗೆ ಹೋದರೆ ಟಕ್, ಟಕ್. ಜೋರಾಗಿ ಓಡಿದರೆ ಟಕಟಕಟಕ. ಜೀಪು ನಿಂತರೆ ಸದ್ದೂ ನಿಲ್ಲುತ್ತಿತ್ತು.

“ಕಾಕಾ, ಗಾಲಿ ಸಪ್ಪಳ ಮಾಡತೈತ್ರಿ.”

“ಎರಿ ಮಣ್ಣ ಮೆತ್ತಿರತೈತಿ. ಒಣಗಿ ಉದರತೈತಿ ಬಿಡ,” ಎಂದ ಶಿವನಪ್ಪ ಟೇಪಿನ ದನಿ ಏರಿಸಿದ. ಮರುದಿನ ಮತ್ತೆ ಹೇಳಿದಳು. ಟೇಪು ಇನ್ನಷ್ಟು ಜೋರಾಯಿತು.

ಸಂಜೆ ಮನೆಯಲ್ಲಿ ಅವಳು ತಾಯಿ ಮಾಯವ್ವನಿಗೆ ಹೇಳಿದಳು. “ಯವ್ವಾ, ಬ್ರೇಕ್ ಹಾಕಿದ್ರ ನಾ ಕುಂತ ಸೀಟ ನಡಗತೈತಿ. ನನಗ ಅಂಜಿಕಿ ಆಗತೈತಿ.”

ತಂದೆ ದುರಗೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅಷ್ಟ ಅಂಜಿಕಿ ಇದ್ರ ಸಾಲಿ ಬಿಡಸೂಣು. ಮನ್ಯಾಗ ಇರ್ಲಿ.”

ರೊಟ್ಟಿ ಬಡಿಯುತ್ತಿದ್ದ ಮಾಯವ್ವನ ಕೈ ನಿಂತಿತು. “ಜೀಪ ಕೆಟ್ರ ಜೀಪ ರಿಪೇರಿ ಮಾಡಸ್ತಾರ. ಹುಡುಗಿ ಸಾಲಿ ಯಾಕ ಬಿಡಸ್ತಾರ?”

ಬೆಳಿಗ್ಗೆ ಮಾಯವ್ವ ಹೋಗಿ ಜೀಪಿನ ಮುಂದೆ ನಿಂತಳು. “ಇಳೀರಿ ಎಲ್ಲಾರೂ.”

“ಮಾಯವ್ವ, ನೀ ಯಾವಾಗ ಮೇಸ್ತ್ರಿ ಆದಿ?” ಎಂದು ಶಿವನಪ್ಪ ನಕ್ಕ.

“ಮೇಸ್ತ್ರಿ ಅಲ್ಲ, ಈ ಹುಡುಗಿ ತಾಯಿ ಅದೀನಿ. ಸಪ್ಪಳ ಎದರದು, ಅಷ್ಟ ಹೇಳು.”

“ಹಬ್ಬಕ್ಕ ನಾಕೂ ಗಾಲಿ ಬಿಚ್ಚಿ ಬಣ್ಣಾ ಬಡದೀನಿ, ಪೂಜಿ ಮಾಡೀನಿ. ನನ್ನ ಗಾಡಿಗೆ ಏನೂ ಆಗೂದಿಲ್ಲ. ದಾರಿ ಬಿಡು.”

ಲಾರಿ ಓಡಿಸುವ ಅಯಾಜ ರಜೆಗೆ ಊರಿಗೆ ಬಂದು, ಪಕ್ಕದ ಚಹಾದಂಗಡಿಯಲ್ಲಿ ಕೂತಿದ್ದ. ಬಣ್ಣದ ಮಾತು ಕಿವಿಗೆ ಬಿದ್ದದ್ದೇ ಚಹಾ ಕಪ್ಪು ಕೆಳಗಿಟ್ಟು ಬಂದ. “ಕಾಕಾ, ನಟ್ ಕೂಡೋ ಜಾಗಾಕೂ ಬಣ್ಣ ಹಚ್ಚೀರೇನ್ರಿ?”

“ಎಲ್ಲಾ ಕಡೆ ಹಚ್ಚೀನಿ. ದಪ್ಪಗ.”

“ಒಣಗೂ ಮೊದಲ ಗಾಲಿ ಏರಸೀರಿ?”

“ಪೂಜಿಗೆ ಹೊತ್ತಾಗಿತ್ತಲ್ಲೋ ತಮ್ಮಾ.”

ಅಯಾಜ ಗಾಲಿಯ ಪಕ್ಕ ಕುಕ್ಕರಿಸಿದ. ನಟ್ಟುಗಳ ಸುತ್ತ ಕೆಂಪು ಬಣ್ಣ ಬಿರಿದು, ತುಕ್ಕಿನ ಪುಡಿ ಉದುರಿತ್ತು. ಒಂದು ನಟ್ಟು ಹಿಡಿದ. ನಟ್ಟು ಬಿಚ್ಚುವ ಪಾನಾ ಬೇಕಾಗಲಿಲ್ಲ, ಬರಿ ಬೆರಳಿಗೇ ತಿರುಗಿತು. ಪಕ್ಕದ್ದೂ ತಿರುಗಿತು. ಅದನ್ನು ಬಿಚ್ಚಿ ನೋಡಿದರೆ ಬೋಲ್ಟಿನ ತಿರುಪಿನ ಎಳೆಗಳು ಸವೆದುಹೋಗಿದ್ದವು. ಶಿವನಪ್ಪನ ನಗೆ ಹೋಯಿತು.

“ನಟ್ ಕಬ್ಬಣಾನ ಕಚ್ಚಿ ಹಿಡೀಬೇಕ್ರಿ ಕಾಕಾ. ನೀವು ನಡುವ ಬಣ್ಣಾ ಕೂಡ್ರಿಸೀರಿ. ಅದು ಒಣಗಿ ಉದರ್ತು, ನಟ್ ಸಡ್ಲಾತು. ಗಾಲಿ ಅಲಗ್ಯಾಡಿದ್ರ ಸಪ್ಪಳ ಬರತೈತಿ. ಹಿಂಗ ಓಡಸ್ಕೋಂತ ಹೋದ್ರ ಬೋಲ್ಟ್ ಮುರದು ಗಾಲಿ ಒಂದ ಕಡೆ, ಜೀಪ ಒಂದ ಕಡೆ.”

ಮಾಯವ್ವ ದನಿ ಏರಿಸಲಿಲ್ಲ. “ದಿನಾ ಹೇಳ್ಯಾಳ ನನ್ನ ಮಗಳು. ಕೇಳಾಕ ನಿನಗ ಕಿವಿ ಇರಲಿಲ್ಲ, ಟೇಪ್ ತಿರವಾಕ ಕೈ ಇತ್ತು. ನಿನ್ನಿ ಹಳ್ಳದ ಬ್ರಿಜ್ಜಿನ ಮ್ಯಾಲ ಈ ಗಾಲಿ ಕಳಚಿ ಹೋಗಿದ್ರ ನನ್ನ ಮನಿ ಮುಂದ ಯಾವ ಮಾರಿ ಹೊತ್ತು ನಿಂದರ್ತಿದ್ದಿ?”

“ಪಾನಾ ಕೊಡ್ರಿ, ಈಗ ಬಿಗಿ ಮಾಡತೀನಿ. ಸಾಲಿಗೆ ಹೊತ್ತಾಗತೈತಿ,” ಎಂದ ಶಿವನಪ್ಪ.

“ಹೊತ್ತಾಗ್ಲಿ,” ಎಂದ ಅಯಾಜ. “ಸವದ ಬೋಲ್ಟಿಗೆ ಬಿಗಿ ಮಾಡಿದ್ರ ಮತ್ತ ಸಡ್ಲಾಗತೈತ್ರಿ. ಬೋಲ್ಟ್ ಬ್ಯಾರೆ ಹಾಕ್ರಿ. ನಾಕೂ ಗಾಲಿ ಬಣ್ಣ ಕೆರೀರಿ. ಗಾಲಿ ತೂತ ಅಗಲ ಆಗಿದ್ರ ಆ ಗಾಲೀನ ಬ್ಯಾಡ.”

ಅಷ್ಟರಲ್ಲಿ ದುರಗೇಶ ಬಂದಿದ್ದ. ಅವನೂ ಬಾಗಿ ಸಡಿಲ ನಟ್ಟನ್ನು ತಿರುಗಿಸಿ ನೋಡಿದ. ಬೆರಳಿಗೆ ಹತ್ತಿದ ತುಕ್ಕನ್ನು ಧೋತರಕ್ಕೆ ಒರೆಸಿಕೊಂಡು ಮಗಳ ಪಾಟೀಚೀಲ ಹೆಗಲಿಗೆ ಹಾಕಿಕೊಂಡ. “ನಡಿ, ಇವತ್ತ ಬಸ್ಸಿಗೆ ನಾನ ಹತ್ತಸ್ತೀನಿ. ಸಾಲಿ ಬಿಡಸೂ ಮಾತ ಇನ್ನ ನನ್ನ ಬಾಯಾಗ ಬರೂದಿಲ್ಲ.”

ಶಿವನಪ್ಪ ಅಂದು ಜೀಪು ತೆಗೆಯಲಿಲ್ಲ. ಬೋಲ್ಟು ಬದಲಾದವು, ಬಣ್ಣ ಕೆರೆದರು. ಗಾಲಿ ನೆಲಕ್ಕೂರಿದ ಮೇಲೆ ಒಂದರ ನಂತರ ಅದರ ಎದುರಿನ ನಟ್ಟು, ಹೀಗೆ ಬಿಗಿದರು. ಖಾಲಿ ಜೀಪು ಗದಗಿಗೆ ಹೋಗಿ ಬಂದ ಮೇಲೆ ಮತ್ತೊಮ್ಮೆ ಪಾನಾ ಹಾಕಿದರು. ಆಮೇಲಷ್ಟೇ ಮಾಯವ್ವ ಮಗಳನ್ನು ಹತ್ತಿಸಿದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗಾಲಿಯ ಓಟದ ಜೊತೆ ಏರಿ ಇಳಿಯುವ ಸದ್ದು ಮಣ್ಣಿನದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಾಡಿ ನಿಲ್ಲಿಸಿ, ನಟ್ಟುಗಳಿಗೆ ಪಾನಾ ಹಾಕಿಸಿ ನೋಡಿ. ಪಂಕ್ಚರಿಗೋ ಬಣ್ಣಕ್ಕೋ ಗಾಲಿ ಬಿಚ್ಚಿದ್ದರೆ, ಸ್ವಲ್ಪ ಓಡಿದ ಮೇಲೆ ಮತ್ತೆ ಬಿಗಿಸಿ. ಗಾಲಿಗೆ ಬಣ್ಣ ಬೇಕೆನಿಸಿದರೆ ಹೊರಗೆ ಬಳಿಯಿರಿ, ನಟ್ಟು ಕೂರುವಲ್ಲಿ ಬೇಡ. ಚಾಲಕ ಸಿಡುಕಿದರೆ ಸಿಡುಕಲಿ, ಊರು ನಕ್ಕರೆ ನಗಲಿ. ಗಾಲಿ ನೋಡಲು ಪುರಸೊತ್ತಿಲ್ಲದವನ ಗಾಡಿಯಿಂದ ನಿಮ್ಮ ಮಕ್ಕಳನ್ನು ಇಳಿಸಿಕೊಳ್ಳಿ.