ಹುಲಗಪ್ಪನ ಬಿಡುಗಡೆ ಪತ್ರ

ಚಿತ್ರದಲ್ಲಿ ಹನ್ನೊಂದು ಜನ. ಆರು ಮಂದಿ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದಾರೆ. ಐವರು ಮುಂದೆ ಒಂದು ಮಂಡಿಯೂರಿ ಕೂತಿದ್ದಾರೆ. ಕಪ್ಪುಬಿಳುಪಿನ ಚಿತ್ರವಾದ್ದರಿಂದ ಅಂಗಿಗಳ ಹಸಿರು ಬೂದುಬಣ್ಣವಾಗಿದೆ. ಹಿನ್ನೆಲೆಯಲ್ಲಿ ಹೋಟೆಲಿನ ಹಿಂಗೋಡೆ. ಅದರ ಮೇಲೆ ಓರೆಯಾಗಿ ಇಳಿಯುತ್ತಿರುವ ನೆರಳು ಅರ್ಧಕ್ಕೆ ನಿಂತಿದೆ, ಮುಂದೆ ಹೋಗಲು ಮನಸ್ಸಿಲ್ಲದಂತೆ. ಮುಂದಿನ ಸಾಲಿನ ಬಲತುದಿಯಲ್ಲಿ ಗೋಲ್‌ಕೀಪರ್ ಹುಲಗಪ್ಪ. ಚೆಂಡನ್ನು ಸೊಂಟಕ್ಕೆ ಒತ್ತಿ ಹಿಡಿದಿದ್ದಾನೆ. ಅವನ ಬಲಹೆಗಲ ಮೇಲೆ ಅಂಗಿ ಉಳಿದವರದಕ್ಕಿಂತ ಕಪ್ಪಾಗಿದೆ. ಅಚ್ಚು ಹಾಕುವಾಗ ಆದ ದೋಷವೆಂದು ನಾನು ಫೋಟೋದವನಿಗೆ ಐದು ರೂಪಾಯಿ ಕಡಿಮೆ ಕೊಟ್ಟಿದ್ದೆ. ಹುಲಗಪ್ಪನ ಬೆನ್ನ ಹಿಂದೆ, ಚೌಕಟ್ಟು ಮುಗಿಯುವಲ್ಲಿ, ಎರಡು ತಗಡಿನ ಡಬ್ಬಗಳ ಅಂಚು. ಒಂದರ ಬಾಯಿಯಲ್ಲಿ ಬೆಳಕು ತುಂಬಿಕೊಂಡಿದೆ.

ಇದು ೧೯೭೮ರದು. ಮುಂದಿನ ವರ್ಷದ ಚಿತ್ರವಿಲ್ಲ.

ನಮ್ಮ ನವೋದಯ ಸ್ಪೋರ್ಟ್ಸ್ ಕ್ಲಬ್ಬಿಗೆ ಮೈದಾನವಿರಲಿಲ್ಲ, ಕಚೇರಿಯಿರಲಿಲ್ಲ. ಮುಂಬಯಿ ಸಮೀಪದ ಕಲ್ಯಾಣ ಸ್ಟೇಷನ್ನಿನ ಎದುರು ಕಮಲಾಕ್ಷ ರಾಯರ ಹೋಟೆಲಿನ ಮೇಲಿನ ಕೋಣೆಯೇ ಎಲ್ಲ. ಅವರು ಅಧ್ಯಕ್ಷರು, ಡೊಂಬಿವಲಿಯಿಂದ ದಿನವೂ ಮುಂಬಯಿಗೆ ಹೋಗಿ ಗುಮಾಸ್ತೆಗಿರಿ ಮಾಡುತ್ತಿದ್ದ ನಾನು ಕಾರ್ಯದರ್ಶಿ. ಜಿಲ್ಲಾ ಫುಟ್‌ಬಾಲ್ ಲೀಗಿನಲ್ಲಿ ನಮ್ಮ ಎದುರಾಳಿಗಳು ಕಾರ್ಖಾನೆಗಳ ತಂಡಗಳು. ಅವರು ಆಟಗಾರನಿಗೆ ನೌಕರಿ ಕೊಡಬಲ್ಲರು. ನಾವು ಚಂದಾ ಎತ್ತಬಲ್ಲೆವು, ಅಷ್ಟೆ.

ಒಮ್ಮೆ ಪರೇಲಿನಿಂದ ಬಂದ ಒಬ್ಬ ಫಾರ್ವರ್ಡ್ ನಮ್ಮಿಂದ ಬೂಟು, ರೈಲ್ವೆ ಪಾಸು, ಮುಂಗಡ ಎಲ್ಲವನ್ನೂ ಪಡೆದು, ಎರಡು ಪಂದ್ಯ ಆಡಿ, ಒಂದು ಗಿರಣಿಯ ತಂಡಕ್ಕೆ ಹೊರಟುಹೋದ. ಆ ವರ್ಷ ಚೆಂಡು ಕೊಳ್ಳಲೂ ಕೈಯಲ್ಲಿ ಏನೂ ಉಳಿಯಲಿಲ್ಲ. ಆಗ ನಾನು ಎರಡು ನಿಯಮ ಬರೆದೆ. ಹೊರಗಿನ ಆಟಗಾರರ ಮೇಲೆ ವರ್ಷದ ಆದಾಯದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಖರ್ಚು ಮಾಡಬಾರದು. ಹಾಗೆ ಖರ್ಚು ಮಾಡಿ ತಂದವನು ಮೂರು ಸೀಸನ್ ಆಡಬೇಕು. ಮೊದಲೇ ಬಿಡುವುದಾದರೆ ಖರ್ಚು ಮರಳಿಸದೆ ಬಿಡುಗಡೆ ಪತ್ರವಿಲ್ಲ. ಒಂದೊಂದು ಪದವನ್ನೂ ತೂಗಿ ಇಟ್ಟಿದ್ದೆ. ಆ ವಾಕ್ಯಗಳ ಬಿಗಿ ನನಗೆ ಗುಟ್ಟಾಗಿ ಹೆಮ್ಮೆ ಕೊಡುತ್ತಿತ್ತು.

ಹುಲಗಪ್ಪ ರಾಯಚೂರು ಕಡೆಯವನು. ವಿಠ್ಠಲವಾಡಿಯ ಗುಡಿಸಲಲ್ಲಿ ಹೆಂಡತಿ ಮಾನಮ್ಮನೊಂದಿಗೆ ಇದ್ದುಕೊಂಡು, ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಸಿಮೆಂಟ್ ಚೀಲ ಇಳಿಸುತ್ತಿದ್ದ. ಅವನನ್ನು ತಂಡಕ್ಕೆ ಸೇರಿಸಿಕೊಂಡ ದಿನ ಹೋಟೆಲಿನ ಅಡುಗೆಮನೆಯಲ್ಲಿ ತೋರಿಸಲು ನಾನು ಒಂದು ಚೀಟಿ ಬರೆದುಕೊಟ್ಟೆ: ‘ಇವನಿಗೆ ದಿನಾ ಒಂದು ಊಟ. ಹಣ ಕೇಳಬೇಡಿ.’ ಹೋಟೆಲಿನ ಬಿಲ್ಲನ್ನು ಪ್ರತಿ ತಿಂಗಳೂ ಕ್ಲಬ್ಬು ತೀರಿಸುತ್ತಿತ್ತು. ಊಟಕ್ಕೆ ಎರಡು ರೂಪಾಯಿಯಂತೆ ವರ್ಷಕ್ಕೆ ಏಳುನೂರ ಮೂವತ್ತು, ಬೂಟಿಗೆ ಎಪ್ಪತ್ತು. ನಮ್ಮ ಮೂರನೆಯ ಒಂದು ಪಾಲು ಅಲ್ಲಿಗೆ ಮುಗಿಯುತ್ತಿತ್ತು.

ಎರಡು ಸೀಸನ್ ಮುಗಿದವು. ಠಾಣೆಯ ಮಾಜಿವಾಡಾದ ಒಂದು ಬಣ್ಣದ ಕಾರ್ಖಾನೆ ಅವನನ್ನು ಕರೆಯಿತು. ಕಾಯಂ ನೌಕರಿ, ಇರಲು ಒಂದು ಖೋಲಿ. ಆಟಗಾರರು ತಂಡ ಬದಲಿಸಲು ಕೊನೆಯ ದಿನ ೧೯೭೯ರ ಜೂನ್ ಮೂವತ್ತು, ಶನಿವಾರ. ಸಂಜೆ ಆರರೊಳಗೆ ನಮ್ಮ ಪತ್ರ ಠಾಣೆಯ ಲೀಗ್ ಕಚೇರಿಗೆ ತಲುಪದಿದ್ದರೆ ಆ ಜಾಗ ಇನ್ನೊಬ್ಬ ಕೀಪರಿಗೆ.

ಮೂರು ಗಂಟೆಗೆ ಹುಲಗಪ್ಪ ಮೇಲಿನ ಕೋಣೆಗೆ ಬಂದ. ಕೈಯಲ್ಲಿ ಬಟ್ಟೆಯ ಗಂಟು. ಕೂರೆಂದರೂ ಕೂರಲಿಲ್ಲ.

“ನಾಕ ಹತ್ತರ ಲೋಕಲ್ ಹಿಡದ್ರ ಮುಟ್ತೀನ್ರಿ ಸರ್ರ.”

ಕಮಲಾಕ್ಷರು ನನ್ನತ್ತ ತಿರುಗಿದರು. “ಹೋಗುವವ ಹೋಗಲಿ ಮಾರಾಯ್ರೆ. ಆದ್ರೆ ನಿಯಮ ಬರೆದದ್ದು ನೀವೇ ಅಲ್ವಾ? ಇವತ್ತು ನೀವೇ ಅಳಿಸಿದ್ರೆ ನಾಳೆ ಉಳಿದ ಹತ್ತು ಮಂದಿಯೂ ಈ ಮೆಟ್ಟಿಲಲ್ಲಿ ಕ್ಯೂ ನಿಲ್ತಾರೆ. ಮತ್ತೆ ಬೇರೆ ಕೀಪರನ್ನು ತರ್ಲಿಕ್ಕೆ ದುಡ್ಡು ಎಲ್ಲಿಂದ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ರಿಜಿಸ್ಟರ್ ತೆರೆದೆ. ವಾರವಿಡೀ ರೈಲಿನಲ್ಲಿ ನಿಂತು ಬಂದ ದಣಿವು ಬೆರಳುಗಳವರೆಗೂ ಇಳಿದಿತ್ತು.

“ಹುಲಗಪ್ಪ, ಇನ್ನೊಂದು ಸೀಸನ್ ಬಾಕಿ ಇದೆ. ಬಿಡುವುದಾದರೆ ಕ್ಲಬ್ಬು ನಿನ್ನ ಮೇಲೆ ಮಾಡಿದ ಖರ್ಚು ವಾಪಸು ಬರಬೇಕು. ಒಂದು ಸಾವಿರದ ಆರುನೂರು.”

“ನನ್ ಮ್ಯಾಲ? ಯಾತಕ್ಕರೀ?”

“ಬೂಟಿಗೆ. ಊಟಕ್ಕೆ.”

ಅವನು ಗಂಟು ಬಿಚ್ಚಿ ಎರಡು ಜೊತೆ ಬೂಟುಗಳನ್ನು ಮೇಜಿನ ಮೇಲಿಟ್ಟ. ಎಣ್ಣೆ ಹಚ್ಚಿ ಒರೆಸಿದ್ದವು. “ಬೂಟ ನಿಮ್ದು ಖರೆ. ಊಟ ನಂದಲ್ರೀ?”

“ನಿನ್ನದು ಹೇಗೆ?”

“ನೀರ ಹೊತ್ತೀನಲ್ರೀ.”

ಅವನು ವಿವರಿಸಿದ. ದಿನವೂ ಮಧ್ಯಾಹ್ನ ಮೂರೂವರೆಗೆ ಅಂಗಳದ ನಲ್ಲಿಗೆ ನೀರು ಬರುತ್ತದೆ. ಕಾವಡಿಗೆ ಎರಡು ಡಬ್ಬ ಕಟ್ಟಿ ಮಾಳಿಗೆಯ ನೀರಿನ ಟಾಕಿಗೆ ಇಪ್ಪತ್ತು ಸಲ ಏರುತ್ತಾನೆ. ಆಮೇಲೆ ಉಂಡು ಮೈದಾನಕ್ಕೆ.

“ಮ್ಯಾಚ್ ಇದ್ದ ದಿನ?” ಎಂದೆ.

“ಮ್ಯಾಚ್ ಇದ್ದ ದಿನ ಹತ್ತು ಸಲ ಕಮ್ಮಿ ರೀ. ಅಂಗಾರಣ್ಣ ಒಳ್ಳೆ ಮನಷ್ಯಾ.”

ಕಮಲಾಕ್ಷರು ಅಂಗಾರನನ್ನು ಕೂಗಿದರು. ಅವನು ಹೋಟೆಲಿನ ಮುಖ್ಯ ಅಡುಗೆಯವನು. ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ.

“ಇವನಿಗೆ ನೀರು ಹೊರ್ಲಿಕ್ಕೆ ಹೇಳಿದ್ದು ಯಾರು?”

“ನಾನೇ ಧಣಿ. ಯಾಕೆ? ಚೀಟಿ ಕೊಟ್ಟ, ಉಂಡ, ಎಂತ ಕೆಲಸ ಅಂತ ಕೇಳಿದ. ಹಣ ಕೊಡದೆ ಉಣ್ಣುವುದು ಹೋಟೆಲಿನಲ್ಲಿ ಕೆಲಸದವರು ಮಾತ್ರ ಅಲ್ವಾ? ನೀವೇ ಇಟ್ಟುಕೊಂಡವ ಅಂತ ಡಬ್ಬ ತೋರಿಸಿದೆ. ನೀರಿನ ಹಳೆ ಆಳನ್ನು ಆ ತಿಂಗಳೇ ಬಿಡಿಸಿದ್ರಿ, ನೀವು.”

“ನೀನು ಬಿಡಿಸಿದ್ದು ಅಂತ ನಾನು ತಿಳಿದಿದ್ದೆ,” ಎಂದರು ಕಮಲಾಕ್ಷರು. ಮಧ್ಯಾಹ್ನ ಎರಡರಿಂದ ಐದರವರೆಗೆ ಅವರು ಮನೆಗೆ ಹೋಗಿ ಮಲಗುವುದು ಇಪ್ಪತ್ತು ವರ್ಷಗಳ ರೂಢಿ. ಅಂದು ಈ ಪತ್ರಕ್ಕಾಗಿ ಉಳಿದುಕೊಂಡಿದ್ದರು.

ನಾನು ಹುಲಗಪ್ಪನನ್ನು ಕೇಳಿದೆ: “ಹಾಗಾದರೆ ಚೆಂಡು ಹಿಡಿದದ್ದು ಯಾವುದಕ್ಕೆ?”

“ಅದು ಸುಮ್ಮನ ರೀ. ಖುಷಿಗೆ.” ರಿಜಿಸ್ಟರಿನತ್ತ ಕಣ್ಣು ಹಾಯಿಸಿದ. ಅವನಿಗೆ ಓದಲು ಬರುತ್ತಿರಲಿಲ್ಲ. “ಇಷ್ಟ ಬರಕೊಂಡೀರಿ ಅಂತ ಗೊತ್ತಿದ್ರ ದಿನಾ ಇನ್ನೊಂದ್ ಹಪ್ಪಳ ಕೇಳ್ತಿದ್ದೆ.”

ಅಂಗಾರ ನಕ್ಕ. ಕಮಲಾಕ್ಷರು ಅವನತ್ತ ನೋಡಿದಾಗ ನಗು ನಿಂತಿತು.

ಗೋಡೆಯ ಮೇಲಿನ ಚಿತ್ರ ನನಗೆ ನೇರ ಎದುರಿಗಿತ್ತು. ಆ ಕಪ್ಪು ಹೆಗಲನ್ನು ವರ್ಷವಿಡೀ ನೋಡಿದ್ದೆ. ಒದ್ದೆ ಬಟ್ಟೆ ಚಿತ್ರದಲ್ಲಿ ಕಪ್ಪಾಗಿಯೇ ಬೀಳುತ್ತದೆ ಎಂಬುದು ಎಂಥವನಿಗೂ ಹೊಳೆಯಬಹುದಿತ್ತು. ನನ್ನ ನಿಯಮ ಹೇಳುತ್ತಿದ್ದದ್ದು ‘ಕ್ಲಬ್ಬು ಖರ್ಚು ಮಾಡಿ ತಂದ ಆಟಗಾರ’ ಎಂದು. ಇವನನ್ನು ಯಾರೂ ತಂದಿರಲಿಲ್ಲ. ತನ್ನ ಊಟವನ್ನು ತಾನೇ ಹೆಗಲ ಮೇಲೆ ಹೊತ್ತು, ಉಳಿದ ಹೊತ್ತಿನಲ್ಲಿ ನಮ್ಮ ಗೋಲು ಕಾಯ್ದಿದ್ದ.

“ಬೂಟುಗಳು ಬಂದವು. ಬೇರೆ ಖರ್ಚು ಇಲ್ಲ,” ಎಂದೆ. “ನಿಯಮದ ಪ್ರಕಾರ ಇವನನ್ನು ಹಿಡಿಯುವಂತಿಲ್ಲ.”

ಕಮಲಾಕ್ಷರು ಬಹಳ ಹೊತ್ತು ಕನ್ನಡಕ ಒರೆಸಿದರು. “ಹಾಗಾದ್ರೆ ಎರಡು ವರ್ಷ ಕ್ಲಬ್ಬಿನಿಂದ ಊಟದ ದುಡ್ಡು ತೆಕ್ಕೊಂಡದ್ದು ನಾನು. ನೀರೂ ನನಗೇ. ಅದನ್ನು ನಾನು ವಾಪಸು ಕೊಡ್ಬೇಕು ಅಂತ ಆಯ್ತು.”

ಇಲ್ಲವೆಂದು ನಾನು ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಅವರು ಮರುವರ್ಷವೂ ಅಧ್ಯಕ್ಷರಾಗಿರುತ್ತಿದ್ದರು. ಕ್ಲಬ್ಬಿಗೆ ಒಂದು ಕೋಣೆ, ಒಂದು ತಂಡ ಉಳಿಯುತ್ತಿತ್ತು. ನಾನು ಪತ್ರ ಬರೆಯತೊಡಗಿದೆ. ಅವರು ಡ್ರಾಯರಿನಿಂದ ಮೊಹರನ್ನು ತೆಗೆದು ನನ್ನ ಕಡೆ ಸರಿಸಿ, ಕೈಯನ್ನು ಹಿಂದಕ್ಕೆ ಎಳೆದುಕೊಂಡರು. “ನೀವೇ ಒತ್ತಿ. ಇನ್ನು ಮೇಲೆ ಇದು ನಿಮ್ಮ ಹತ್ರವೇ ಇರ್ಲಿ.”

ಒತ್ತಿದೆ. ಹುಲಗಪ್ಪ ಶಾಯಿ ಆರುವವರೆಗೆ ಪತ್ರವನ್ನು ಎರಡೂ ಅಂಗೈ ಮೇಲೆ ಹಿಡಿದು ನಿಂತ. ಮೇಲಿನಿಂದ ಬಂದ ಚೆಂಡನ್ನು ಅವನು ಹಾಗೆಯೇ ಹಿಡಿಯುತ್ತಿದ್ದ.

“ಬರ್ತೀನ್ರಿ ಸರ್ರ. ಶೇಟ್ರ, ಬರ್ತೀನ್ರಿ.”

ಕಮಲಾಕ್ಷರು ತಲೆಯಾಡಿಸಿದರು. ಅವನು ಬಾಗಿಲು ತೆರೆದು ಹೊಸ್ತಿಲ ಮೇಲೆ ಕಾಲಿಟ್ಟಾಗ ಕೆಳಗಿನ ಅಂಗಳದಲ್ಲಿ ನಲ್ಲಿ ಎರಡು ಸಲ ಕೆಮ್ಮಿ, ತಗಡಿಗೆ ನೀರು ಬೀಳುವ ಸದ್ದು ಕೇಳಿಸಿತು. ಮೂರೂವರೆ. ಅವನ ಬಲಹೆಗಲು ತಾನಾಗಿ ಅತ್ತ ವಾಲಿತು.

“ನೀ ನಡಿ,” ಎಂದ ಅಂಗಾರ. “ಇವತ್ತು ನಾನು ತುಂಬಿಸ್ತೇನೆ.”

ಹುಲಗಪ್ಪ ಪತ್ರವನ್ನು ಅಂಗಿಯೊಳಗೆ ಇಳಿಸಿ, ತಲೆ ತಗ್ಗಿಸಿ ದಾಟಿದ. ಅಡುಗೆಮನೆಯ ಹೊಗೆ ಒಳಗೆ ಬಾರದಿರಲೆಂದು ಕಮಲಾಕ್ಷರು ಆ ಬಾಗಿಲಿಗೆ ಸ್ಪ್ರಿಂಗ್ ಹಾಕಿಸಿದ್ದರು. ಯಾರೂ ಮುಟ್ಟದೆಯೇ ಅದು ಅವನ ಹಿಂದೆ ನಿಧಾನವಾಗಿ ಬಂದು ಮುಚ್ಚಿಕೊಂಡಿತು.